ಬಾತುಕೋಳಿಯ ಹಿಕ್ಕೆಯಲ್ಲಿನ ಸಾರಜನಕ: ಚೀನಾ ಮತ್ತು ವಿಯೆಟ್ನಾಂ ದೇಶಗಳ ಹೋಲಿಕೆ

ಪೈರು ಹಸುರಾಗಿ ಬೆಳೆಯುವುದಕ್ಕೆ ಸಾರಜನಕವು ಅತ್ಯಾವಶ್ಯಕವೆಂಬುದನ್ನು ಜಮೀನುದಾರರೂ ಪಟೇಲರೂ ಬಲ್ಲರು. ಈ ಸಾರವು ಬಾತುಕೋಳಿಯ ಹಿಕ್ಕೆಯಲ್ಲಿ ಚೆನ್ನಾಗಿ ಉಂಟು. ದೇಶದೇಶಗಳ ಬಾತುಗಳು ವರ್ಷವೊಂದಕ್ಕೆ ಎಷ್ಟು ಸಾರಜನಕವನ್ನು ವಿಸರ್ಜಿಸುವುವೆಂಬುದಕ್ಕೆ ಸಂಯುಕ್ತ ರಾಷ್ಟ್ರಗಳ ಆಹಾರ ಮತ್ತು ವ್ಯವಸಾಯ ಸಂಸ್ಥೆಯವರು ೧೯೬೧ನೆಯ ಇಸವಿಯಿಂದೀಚಿನ ತಖ್ತೆಗಳನ್ನು ಸಿದ್ಧಪಡಿಸಿರುತ್ತಾರೆ. ಪ್ರಪಂಚದ ಬಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದಲ್ಲಿರುವುದರಿಂದ ಆ ದೇಶದ ಅಂಕಿಯು ವಿಯೆಟ್ನಾಂ ದೇಶದ ಅಂಕಿಗಿಂತ ಬಹಳ ದೊಡ್ಡದು. ಆದರೆ ಅಂಕಿಯು ದೊಡ್ಡದಾದ ಮಾತ್ರಕ್ಕೆ ಗದ್ದೆಗೆ ಅಷ್ಟು ಗೊಬ್ಬರ ಸೇರಿತೆಂದು ಎಣಿಸಕೂಡದು. ಅದರ ಕಾರಣಗಳನ್ನು ಈ ಕೆಳಗೆ ವಿವರಿಸಿದೆ.

ಲೆಕ್ಕದ ಕ್ರಮ

ಈ ತಖ್ತೆಗಳಿಗಾಗಿ ಯಾರೂ ಹಿಕ್ಕೆಯನ್ನು ತೂಗಲಿಲ್ಲ. ೨೦೦೬ನೆಯ ಇಸವಿಯ ಅಂತರರಾಷ್ಟ್ರೀಯ ನಿಯಮದಂತೆ ಬಾತಿನ ತೂಕವನ್ನು ೨.೭ ಕಿಲೋಗ್ರಾಂ ಎಂದೂ, ಪ್ರತಿ ೧,೦೦೦ ಕಿಲೋಗ್ರಾಂ ಜೀವತೂಕಕ್ಕೆ ದಿನಕ್ಕೆ ೦.೮೩ ಕಿಲೋಗ್ರಾಂ ಸಾರಜನಕವೆಂದೂ ಇಟ್ಟುಕೊಳ್ಳುತ್ತಾರೆ. ಆ ಪ್ರಕಾರ ಬಾತು ಒಂದಕ್ಕೆ ವರ್ಷಕ್ಕೆ ಸುಮಾರು ೮೧೮ ಗ್ರಾಂ ಆಗುತ್ತದೆ. ಚೀನಾಕ್ಕೂ ವಿಯೆಟ್ನಾಮಿಗೂ ಇದೇ ದರವಾದುದರಿಂದ, ತಖ್ತೆಯಲ್ಲಿ ಕಾಣುವ ಏರಿಳಿತವೆಲ್ಲವೂ ಬಾತುಗಳ ಸಂಖ್ಯೆಯ ಏರಿಳಿತವೇ ಹೊರತು ಗೊಬ್ಬರದ ಗುಣದ್ದಲ್ಲ. ೨೦೦೩ನೆಯ ಇಸವಿಯ ಕೊನೆಯಿಂದ ವಿಯೆಟ್ನಾಮಿನಲ್ಲಿ ಹಕ್ಕಿಜ್ವರವು ಹಬ್ಬಿ, ಕೋಳಿ ಬಾತುಗಳೆಲ್ಲ ಸೇರಿ ೪ ಕೋಟಿಗೂ ಮೇಲ್ಪಟ್ಟು ನಾಶವಾದುವು. ೨೦೦೫ರ ಫೆಬ್ರವರಿಯಲ್ಲಿ ಬಾತುಮರಿ ಮಾಡಿಸುವುದನ್ನೇ ಸರ್ಕಾರದವರು ತಾತ್ಕಾಲಿಕವಾಗಿ ನಿಷೇಧಿಸಿದರು. ಇಂತಹ ವಿಪತ್ತುಗಳೂ ತಖ್ತೆಯಲ್ಲಿ ಸಾರಜನಕದ ಇಳಿತವಾಗಿಯೇ ತೋರುವುವು.

ಎಣಿಕೆಯಲ್ಲಿಯೂ ಎಚ್ಚರವು ಬೇಕು. ಮಾಂಸದ ಬಾತು ಸುಮಾರು ೪೨ ದಿನಗಳಲ್ಲಿ ಮಾರಾಟಕ್ಕೆ ಬರುತ್ತದೆ. ೧,೦೦೦ ಬಾತು ಹಿಡಿಯುವ ಕೊಟ್ಟಿಗೆಯಲ್ಲಿ ವರ್ಷಕ್ಕೆ ಆರು ತಂಡ ಬೆಳೆಸಿದರೆ ೬,೦೦೦ ಬಾತು ಮಾರಿದಂತಾಯಿತು. ಆದರೆ ವರ್ಷದ ಸರಾಸರಿಯಲ್ಲಿ ಜೀವಂತವಾಗಿದ್ದುವು ಸುಮಾರು ೬೯೦ ಮಾತ್ರ. ಅವುಗಳ ಸಾರಜನಕವು ಸುಮಾರು ೫೬೫ ಕಿಲೋಗ್ರಾಂ. ಮಾರಿದ ಸಂಖ್ಯೆಯಿಂದ ಗುಣಿಸಿದವನಿಗೆ ೪,೯೦೮ ಎಂಬ ಸುಳ್ಳು ಮೊತ್ತವು ಬರುವುದು.

ಮೇವು ಎಲ್ಲಿಯದು?

ವಿಯೆಟ್ನಾಮಿನ ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಭತ್ತದ ಕಟಾವಾದೊಡನೆ ಬಾತುಗಳ ಹಿಂಡುಗಳನ್ನು ಗದ್ದೆಯಿಂದ ಗದ್ದೆಗೆ ಅಟ್ಟಿಕೊಂಡು ಹೋಗುವ ವಾಡಿಕೆಯುಂಟು. ಅವು ಉದುರಿದ ಕಾಳನ್ನೂ ಹುಳುಗಳನ್ನೂ ಬಸವನಹುಳುಗಳನ್ನೂ ತಿಂದು ಅಲ್ಲಿಯೇ ಹಿಕ್ಕೆ ಹಾಕುವುವು. ಇಲ್ಲಿ ಸಾಗಾಣೆಯ ಖರ್ಚಿಲ್ಲ. ಆದರೆ ಆ ಸಾರದ ಬಹುಭಾಗವು ಗದ್ದೆಯದೇ ಆಗಿ ಗದ್ದೆಗೇ ಹಿಂದಿರುಗುವುದರಿಂದ ಅದನ್ನು ಹೊಸ ಲಾಭವೆಂದು ಬರೆದುಕೊಳ್ಳಲಾಗದು.

ಚೀನಾದ ಷಾಂಡೊಂಗ್ ಮೊದಲಾದ ಪ್ರಾಂತ್ಯಗಳ ದೊಡ್ಡ ಕೊಟ್ಟಿಗೆಗಳ ಸ್ಥಿತಿ ಬೇರೆ. ಅಲ್ಲಿ ಸೋಯಾ ಅವರೆಯ ಹಿಂಡಿಯನ್ನು ಮೇವಿನಲ್ಲಿ ಬೆರೆಸುವರು. ಆ ದೇಶಕ್ಕೆ ಬರುವ ಸೋಯಾದ ಹೆಚ್ಚಿನ ಪಾಲು ಬ್ರೆಜಿಲ್ ದೇಶದ್ದು. ಹೊರಗಿನಿಂದ ಬಂದ ಈ ಸಾರವು ನಿಜವಾಗಿ ಹೊಸದು. ಆದರೆ ಹಿಕ್ಕೆಯು ಗದ್ದೆಯಿಂದ ದೂರದಲ್ಲಿ ರಾಶಿಬೀಳುವುದು. ಅದು ಹೊಳೆಕೆರೆಗಳನ್ನು ಕೆಡಿಸದಂತೆ ಚೀನಾ ಸರ್ಕಾರದವರು ಮಾಡಿದ ನಿಬಂಧನೆಯು ೧-೧-೨೦೧೪ರಿಂದ ಜಾರಿಗೆ ಬಂದಿತು. ಆದರೂ ಚೀನಾದಲ್ಲಿ ಹಳೆಯ ಪದ್ಧತಿಯು ಅಳಿದಿಲ್ಲ. ಗ್ವಿಝೌ ಪ್ರಾಂತ್ಯದ ಕಾಂಗ್‌ಜಿಯಾಂಗ್‌ನಲ್ಲಿ ಭತ್ತ, ಮೀನು, ಬಾತುಗಳನ್ನು ಒಂದೇ ಗದ್ದೆಯಲ್ಲಿ ಬೆಳೆಸುವ ಕ್ರಮಕ್ಕೆ ೨೦೧೧ರಲ್ಲಿ ವ್ಯವಸಾಯ ಪರಂಪರೆಯೆಂಬ ಅಂತರರಾಷ್ಟ್ರೀಯ ಮನ್ನಣೆಯು ದೊರೆತಿದೆ. ಇತ್ತ ವಿಯೆಟ್ನಾಮಿನಲ್ಲಿಯೂ ಕೊಟ್ಟಿಗೆಯ ಸಾಕಣೆಯು ಬೆಳೆದಿದೆ.

ನಷ್ಟದ ಬಾಬು

ಹಿಕ್ಕೆಯು ಒದ್ದೆಯಾಗಿ ಬಿದ್ದಿದ್ದರೆ ಅದರ ಸಾರವು ಅಮೋನಿಯಾ ಎಂಬ ಘಾಟಿನ ಅನಿಲವಾಗಿ ಹಾರಿಹೋಗುವುದು. ಕೊಟ್ಟಿಗೆಯ ಹಿಕ್ಕೆಯಲ್ಲಿ ಹೀಗೂ ಇತರ ರೀತಿಗಳಲ್ಲಿಯೂ ಸುಮಾರು ಅರ್ಧದಷ್ಟು ಸಾರವು ನಷ್ಟವಾಗುವುದೆಂದು ಮೇಲಿನ ನಿಯಮವೇ ಇಟ್ಟುಕೊಂಡಿದೆ. ಮೇಲೆ ಹೇಳಿದ ೫೬೫ ಕಿಲೋಗ್ರಾಮಿನಲ್ಲಿ ಹೊಲಕ್ಕೆ ಸೇರುವುದು ೨೮೦ರ ಆಸುಪಾಸು. ಒಣಹುಲ್ಲನ್ನೋ ಹೊಟ್ಟನ್ನೋ ಹಾಸಿ, ರಾಶಿಗೆ ನೀರು ತಾಕದಂತೆ ಮುಚ್ಚಿ, ಹೊಲಕ್ಕೆ ಹರಡಿದ ದಿನವೇ ಉತ್ತು ಮಣ್ಣಿನಲ್ಲಿ ಬೆರೆಸಿದರೆ ಈ ನಷ್ಟವನ್ನು ಬಹಳಮಟ್ಟಿಗೆ ತಗ್ಗಿಸಬಹುದು.

ಆದುದರಿಂದ ಇಂತಹ ಅಂಕಿಗಳನ್ನು ಓದುವವರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ವರ್ಷವಿಡೀ ಜೀವಂತವಾಗಿದ್ದ ಬಾತುಗಳೆಷ್ಟು? ಮೇವು ಎಲ್ಲಿಂದ ಬಂದಿತು? ಹಿಕ್ಕೆ ಎಲ್ಲಿ ಬಿದ್ದಿತು? ದೇಶದೇಶಗಳ ತಖ್ತೆಗೂ, ಗ್ರಾಮದ ಒಂದು ಹಿಂಡಿಗೂ, ಪ್ರಶ್ನೆಗಳು ಇವೇ. ಬಾತು ಹಾಕಿದ ಸಾರಕ್ಕಿಂತ ಪೈರಿನ ಬೇರಿಗೆ ಮುಟ್ಟಿದ ಸಾರವೇ ಒಕ್ಕಲುತನದ ನಿಜವಾದ ಆದಾಯ.