ಲೆಕ್ಕ ಬಾರದೋ, ಪದ ತಿಳಿಯದೋ?

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವರು ನಾವು. ಕಲ್ಯಾಣದುರ್ಗದ ಕಡೆಯೂ ಇದೇ ರೂಢಿ. ವ್ಯಾಪಾರಕ್ಕೆ ಇದು ಅನುಕೂಲವೇ ಸರಿ. ಆದರೆ ಶಾಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ನಮ್ಮ ಮಕ್ಕಳಿಗೆ ಈ ಎರಡು ನುಡಿಗಳೇ ಒಮ್ಮೊಮ್ಮೆ ತೊಡಕಾಗುತ್ತವೆ.

ಏಳನೆಯವರೆಗೆ ಕನ್ನಡದಲ್ಲಿ ಓದಿ ಆಮೇಲೆ ತೆಲುಗಿಗೆ ಹೋದ ಮಗುವನ್ನೇ ತಗೊಳ್ಳಿ. 40 ಮೀಟರ್ ಉದ್ದ, 25 ಮೀಟರ್ ಅಗಲದ ಹೊಲದ ‘ವೈಶಾಲ್ಯಂ’ ಎಷ್ಟು ಎಂದು ಯಂತ್ರ ಕೇಳುತ್ತದೆ. ತೆಲುಗು ಗಣಿತದಲ್ಲಿ ವೈಶಾಲ್ಯಂ ಅಂದರೆ ವಿಸ್ತೀರ್ಣ. ಕನ್ನಡದ ಕಿವಿಗೆ ಅದು ಅಗಲದಂತೆ ಕೇಳಿಸುತ್ತೆ. ಮಗು 25 ಎಂದು ಒತ್ತಿದರೆ ‘ವಿಸ್ತೀರ್ಣ ಬಾರದು’ ಎಂಬ ಷರಾ ಬೀಳುತ್ತದೆ. ವಿಸ್ತೀರ್ಣ ಎಷ್ಟು ಎಂದು ಕೇಳಿದ್ದರೆ 1000 ಚದರ ಮೀಟರ್ ಎಂದು ಅದೇ ಮಗು ಹೇಳುತ್ತಿತ್ತೇನೋ!

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣದ ಕೊರತೆಯಿಂದ ಕಡ್ಲೆಕಾಯಿ ಗಿಡ ಹಳದಿಯಾದಾಗ ಯೂರಿಯಾ ಚೆಲ್ಲಿದರೆ ಏನು ಬಂತು? ಅದಕ್ಕೆ ಬೇಕಾದ್ದು ಅನ್ನಭೇದಿ. ರೋಗ ತಪ್ಪಾಗಿ ತಿಳಿದರೆ ಮದ್ದೂ ತಪ್ಪುತ್ತದೆ. ದಡ್ಡನೆಂಬ ಹೆಸರು ಹೊತ್ತ ಹುಡುಗ ಶಾಲೆ ಬಿಟ್ಟು ಕೂಲಿಗೆ ಹೋದರೆ ನಷ್ಟ ಯಾರಿಗೆ?

ಸಲಕರಣೆಗೇನೂ ಬರವಿಲ್ಲ. 2017ರಲ್ಲಿ ಕೇಂದ್ರ ಸರ್ಕಾರದ ‘ದೀಕ್ಷಾ’ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. 2022ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ 8ನೇ ತರಗತಿಯ ಮಕ್ಕಳಿಗೂ ಮೇಷ್ಟ್ರುಗಳಿಗೂ ಟ್ಯಾಬ್ ಹಂಚಿತು. ಅಕ್ಷರದ ತೊಂದರೆಯೂ ಇಲ್ಲ. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಯವು. ತೆಲುಗಿನ ‘ಕ’ ಅಕ್ಷರದ ಸಂಖ್ಯೆಗೆ 128 ಕೂಡಿದರೆ ಕನ್ನಡದ ‘ಕ’ ಸಿಗುತ್ತದೆ! ಆದರೆ ಹಾಗೆ ಲಿಪಿ ಬದಲಿಸಿದರೂ ವೈಶಾಲ್ಯಂ ವೈಶಾಲ್ಯಂ ಆಗಿಯೇ ಉಳಿಯುತ್ತದೆ. ಅರ್ಥ ದಾಟಿಸಲು ಮೇಷ್ಟ್ರೇ ಬೇಕು.

ಮಗುವಿನ ತೊಡಕನ್ನು ಅದು ಕಲಿಯುವ ಭಾಷೆಯಲ್ಲೇ ಹುಡುಕಬೇಕೆಂಬುದು ಹೊಸ ಮಾತೇನಲ್ಲ. ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆಯನ್ನು ಗುರುತಿಸಲು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ತಂದ ‘ಡಾಲಿ’ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಸಿದ್ಧವಾಯಿತು.

ಮೇಷ್ಟ್ರುಗಳ ಕಲಿಕೆಗೂ ದಾರಿ ಇದೆ. ಕರ್ನಾಟಕದಲ್ಲಿ 2011ರಿಂದ ಶಿಕ್ಷಣ ಇಲಾಖೆಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ನಡೆಸಿದವು. ಹೈಸ್ಕೂಲು ಮೇಷ್ಟ್ರುಗಳು ಕಂಪ್ಯೂಟರಿನಲ್ಲಿ ತಾವೇ ಪಾಠ ತಯಾರಿಸಿ ಒಬ್ಬರಿಗೊಬ್ಬರು ಹಂಚಿಕೊಂಡರು. ಮಡಕಶಿರ, ಕಲ್ಯಾಣದುರ್ಗದ ಮೇಷ್ಟ್ರುಗಳು ಪಾವಗಡ, ಚಳ್ಳಕೆರೆಯವರ ಜೊತೆ ಕೂತು ವೈಶಾಲ್ಯಂನಂಥ ಪದಗಳ ಪಟ್ಟಿ ಮಾಡಿದರೆ ಸಾಕು, ಗಡಿಯ ಎರಡೂ ಕಡೆಗೆ ಉಪಕಾರ. ಪರೀಕ್ಷೆಯ ಪ್ರಶ್ನೆ ಎರಡೂ ಭಾಷೆಯಲ್ಲಿ ತೆರೆಯ ಮೇಲೆ ಬರಲಿ ಎಂದು ಕೇಳುವ ಕೆಲಸ ಪೋಷಕರ ಸಮಿತಿಗಳದು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಒಂದಿದೆ. ಮಗು ಗಣಿತದಲ್ಲಿ ಹಿಂದೆ ಎಂದು ಶಾಲೆಯಿಂದ ಸುದ್ದಿ ಬಂದರೆ ಬೈಯುವ ಮುಂಚೆ ಅದೇ ಲೆಕ್ಕವನ್ನು ಮನೆಮಾತಿನಲ್ಲಿ ಕೇಳಿ ನೋಡಿ. ಸರಿಯಾಗಿ ಹೇಳಿತೋ, ಮರುದಿನವೇ ಹೋಗಿ ಮೇಷ್ಟ್ರಿಗೆ ತಿಳಿಸಿ.