ಹಾಜರಿ ಪಟ್ಟಿಯಲ್ಲಿಲ್ಲದ ಹೆಸರು

ಹಾಜರಿ ಕೂಗುವದು ಅಧ್ಯಾಪಕನ ಕೆಲಸಗಳಲ್ಲೆಲ್ಲ ತೀರ ನೀರಸವಾದದ್ದೆಂದು ನನ್ನ ಸಹೋದ್ಯೋಗಿ ಮಿತ್ರರು ಹೇಳುವದುಂಟು. ನನಗೇಕೋ ಹಾಗೆ ಅನಿಸಿಲ್ಲ. ಹೆಸರನ್ನು ಕೂಗಿ, ಉತ್ತರ ಬಾರದಿದ್ದಾಗ ಉಂಟಾಗುವ ಆ ಒಂದು ಕ್ಷಣದ ಮೌನದಲ್ಲಿ ನನ್ನ ಹದಿನೇಳು ವರುಷಗಳ ವಿದ್ಯಾಭ್ಯಾಸವೆಲ್ಲ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ನಮ್ಮ ತಂದೆಯವರು ಕನ್ನಡ ಶಾಲೆಯ ಮಾಸ್ತರರು. 1985ರಲ್ಲಿ ಬೈಲಹೊಂಗಲದ ಬಳಿಯ ಹಳ್ಳಿಯೊಂದರಲ್ಲಿ ಅವರ ಕೈಯಿಂದಲೇ ನನ್ನ ಹೆಸರು ಶಾಲೆಯ ಪಟ್ಟಿಗೆ ಏರಿತು. ನನಗಿಂತ ಮೂರು ವರುಷ ಹಿರಿಯಳಾದ ಅಕ್ಕ ಆಗಲೇ ಅಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಳು. ಕಪ್ಪು ಎರೆಯ ಕೆಸರಿನಲ್ಲಿ ನನ್ನ ಕೈಹಿಡಿದು ಶಾಲೆಗೆ ನಡೆಸಿದವಳು ಅವಳು. ಪಾಟಿಯ ಮೇಲೆ ನನ್ನ ಅಕ್ಷರ ತಿದ್ದಿದವಳೂ ಅವಳೇ. ಒಮ್ಮೆ ಶಾಲೆಯವರೆಲ್ಲ ಬೈಲಹೊಂಗಲಕ್ಕೆ ಹೋಗಿ ರಾಣಿ ಚೆನ್ನಮ್ಮನ ಸಮಾಧಿಯನ್ನು ನೋಡಿಬಂದೆವು. ಸೆರೆಯಲ್ಲಿದ್ದ ರಾಣಿ 1829ರಲ್ಲಿ ಕಣ್ಣು ಮುಚ್ಚಿದ ಊರು ಅದು. ಆ ದಿನ ಅಕ್ಕ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದವಳೇ, "ಅಪ್ಪಾ, ಚೆನ್ನಮ್ಮ ಎಷ್ಟನೇ ಇಯತ್ತೆ ಕಲ್ತಿದ್ದಳು?" ಎಂದು ಕೇಳಿದಳು. ತಂದೆಯವರು ನಕ್ಕುಬಿಟ್ಟರು.

1989ರಲ್ಲಿ ಅವಳ ಏಳನೆಯ ಇಯತ್ತೆ ಮುಗಿಯಿತು. ಹೈಸ್ಕೂಲು ಬೈಲಹೊಂಗಲದಲ್ಲಿ, ದಾರಿ ದೂರ. ಮನೆಯಲ್ಲಿ ಎಳೆಯ ತಮ್ಮ. ಅವ್ವನ ಕೈಗೆ ಆಸರೆ ಬೇಕು. "ಹುಡುಗಿ ದೊಡ್ಡಾಕಿ ಆದಳು, ಇನ್ನ ಸಾಕು" ಎಂದರು ಹಿರಿಯರು. ಊರವರ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರೆಂದು ಮನೆ ಮನೆ ತಿರುಗುತ್ತಿದ್ದ ನಮ್ಮ ತಂದೆಯವರು ಅದಕ್ಕೆ ಎದುರಾಡಲಿಲ್ಲ. ನಾನೂ ಏನೂ ಅನ್ನಲಿಲ್ಲ. ಅವಳ ಪುಸ್ತಕಗಳು ಇನ್ನು ನನಗೆ ಬರುತ್ತವೆಂಬ ಸಂತೋಷವೇ ನನಗೆ ಆಗಿತ್ತೆಂಬದನ್ನು ಇಂದು ಒಪ್ಪಿಕೊಳ್ಳಬೇಕು.

ತಂದೆಯವರಿಗೆ ವರ್ಗವಾದ್ದರಿಂದ 1992ರಲ್ಲಿ ನಾವು ಕಿತ್ತೂರಿಗೆ ಬಂದೆವು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕೋಟೆಯ ಮುರಿದ ಗೋಡೆಗಳ ಮೇಲೆ ಕುಳಿತು ನಾವು ಇತಿಹಾಸವನ್ನು ಬಾಯಿಪಾಠ ಮಾಡಿದೆವು. ಹುಡುಗಿಯರ ಸೈನಿಕ ಶಾಲೆ ಆ ಊರಲ್ಲಿ 1969ರಿಂದಲೇ ಇತ್ತು. ಆ ಹುಡುಗಿಯರು ಸಮವಸ್ತ್ರ ತೊಟ್ಟು ಸಾಲಾಗಿ ಸಾಗುವಾಗ ಅಕ್ಕ ಕೈಯಲ್ಲಿಯ ಕೊಡ ಕೆಳಗಿಟ್ಟು ನೋಡುತ್ತ ನಿಲ್ಲುವಳು. ಆ ವರುಷವೇ ಎಕ್ಕುಂಡಿಯವರ 'ಬಕುಲದ ಹೂಗಳು' ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಬಂಕಿಕೊಡ್ಲದಲ್ಲಿ ಬಹುಕಾಲ ಶಿಕ್ಷಕರಾಗಿದ್ದ ಕವಿ ಅವರು. ತಂದೆಯವರು ತಮಗೇ ಪ್ರಶಸ್ತಿ ಬಂದಂತೆ ಮನೆಯಲ್ಲಿ ಬೆಲ್ಲ ಹಂಚಿದರು. ಕನ್ನಡ ಮಾಸ್ತರನಾಗಬೇಕೆಂಬ ಆಸೆ ನನ್ನಲ್ಲಿ ಮೊಳೆತದ್ದು ಅಂದೇ ಇರಬೇಕು.

ಪಿ.ಯು.ಸಿ. ಸವದತ್ತಿಯಲ್ಲಿ ಆಯಿತು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದತ್ತ ಸಾಗುವ ಚಕ್ಕಡಿಗಳ ಗಂಟೆಯ ಸಪ್ಪಳವನ್ನೂ, ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ ಮಲಪ್ರಭೆಯ ಅಗಾಧವಾದ ನೀರನ್ನೂ ಬಿಟ್ಟರೆ ಆ ಎರಡು ವರುಷಗಳ ಬಗ್ಗೆ ಹೇಳುವಂಥದೇನೂ ಇಲ್ಲ. ಅಷ್ಟರಲ್ಲಿ ಅಕ್ಕನ ಮದುವೆಯಾಗಿತ್ತು.

ಅವಳನ್ನು ಕೊಟ್ಟದ್ದು ರಾಮದುರ್ಗಕ್ಕೆ, ನೇಕಾರರ ಮನೆಗೆ. 1997ರಿಂದ ಮೂರು ವರುಷ ಅವಳ ಮನೆಯಲ್ಲಿಯೇ ಇದ್ದು ನಾನು ಬಿ.ಎ. ಓದಿದೆ. ರಾಮದುರ್ಗ ಒಂದು ಕಾಲಕ್ಕೆ ಸಂಸ್ಥಾನ. 1939ರಲ್ಲಿ ಪ್ರಜೆಗಳು ಅರಸೊತ್ತಿಗೆಯ ವಿರುದ್ಧ ಸಿಡಿದೆದ್ದ ಊರು. ಕಾಲೇಜಿನಲ್ಲಿ ಅದನ್ನೆಲ್ಲ ಅಭಿಮಾನದಿಂದ ಕೇಳಿ ಮನೆಗೆ ಬಂದರೆ ಒಳಗೆ ಮಗ್ಗದ ಲಟಪಟ ಸದ್ದು. ಅಕ್ಕ ಕಂಡಿಕೆ ಸುತ್ತುತ್ತ ಕುಳಿತಿರುವಳು. "ಇವತ್ತ ಏನ ಹೇಳಿದ್ರೋ ತಮ್ಮಾ?" ಎನ್ನುವಳು. ನಾನು ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುವೆನು. ನಾಲ್ಕು ದಿನಗಳ ಮೇಲೆ ನಾನು ಮರೆತ ಷಟ್ಪದಿಯನ್ನು ಅವಳು ಕೈಯ ಕೆಲಸ ನಿಲ್ಲಿಸದೆ ಹೇಳಿ ಮುಗಿಸುವಳು. ಚಂದ್ರಮತಿಯ ಪ್ರಲಾಪದ ಭಾಗ ಬಂದಾಗ ಮಾತ್ರ ರಾಟೆ ನಿಲ್ಲುತ್ತಿತ್ತು. ನಮ್ಮಿಬ್ಬರಲ್ಲಿ ಕಾವ್ಯದ ಒಳಗು ಯಾರಿಗೆ ತಿಳಿದಿತ್ತೆಂದು ಓದುಗರೇ ಊಹಿಸಬಹುದು.

2000ದಲ್ಲಿ ಎಂ.ಎ.ಗಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸೇರಿದೆ. ಸವದತ್ತಿ ಹಿಂದೆ ಸುಗಂಧವರ್ತಿಯಾಗಿತ್ತೆಂದೂ, 980ರಷ್ಟು ಹಿಂದೆಯೇ ಅಲ್ಲಿ ರಟ್ಟರ ಶಾಂತಿವರ್ಮನು ಜಿನಾಲಯಕ್ಕೆ ದತ್ತಿ ಬಿಟ್ಟು ಶಾಸನ ಬರೆಯಿಸಿದನೆಂದೂ ತಿಳಿದದ್ದು ಅಲ್ಲಿಯೇ. ಎರಡು ವರುಷ ಇದ್ದ ಊರನ್ನು ನಾನು ಕಂಡೇ ಇರಲಿಲ್ಲ! ಹಳಗನ್ನಡ, ಛಂದಸ್ಸು, ಗ್ರಂಥಸಂಪಾದನೆ ಎಂದು ತಲೆ ತುಂಬಿಕೊಂಡು ತಿರುಗುತ್ತಿದ್ದೆ. ಪಾಠಾಂತರ ಹಿಡಿಯುವದೇ ಪಾಂಡಿತ್ಯವೆಂಬ ಭ್ರಮೆ ಆಗ.

ಅಂಥ ದಿನಗಳಲ್ಲಿ ಅಕ್ಕನದೊಂದು ಕಾಗದ ಬಂತು. ಎರಡು ಪುಟ, ಪೆನ್ಸಿಲಿನ ದುಂಡಕ್ಷರ. ಮಗ್ಗದ ಕೆಲಸ ಕಡಿಮೆಯಾದದ್ದು, ಮಗಳು ನಡೆಯಲು ಕಲಿತದ್ದು, ಹೊಳೆಗೆ ನೀರು ಬಂದದ್ದು, ಎಲ್ಲವನ್ನೂ ಬರೆದಿದ್ದಳು. ಅಲ್ಪಪ್ರಾಣ ಮಹಾಪ್ರಾಣಗಳು ಅಲ್ಲಲ್ಲಿ ತಪ್ಪಿದ್ದವು. ನಾನು ಮಾಡಿದ್ದೇನು? ಕೆಂಪು ಮಸಿಯಿಂದ ಅವನ್ನೆಲ್ಲ ತಿದ್ದಿ, ಆ ಕಾಗದವನ್ನೇ ನನ್ನ ಉತ್ತರದೊಡನೆ ಅವಳಿಗೆ ಮರಳಿ ಕಳಿಸಿದೆ. ಪಾಟಿಯ ಮೇಲೆ ಅವಳು ನನ್ನ ಅಕ್ಷರ ತಿದ್ದಲಿಲ್ಲವೆ, ಅದರ ಋಣ ತೀರಿಸಿದೆನೆಂದೇ ಬಗೆದಿದ್ದೆ.

ಅದರ ಮೇಲೆ ಅವಳು ನನಗೆ ಕಾಗದ ಬರೆಯಲಿಲ್ಲ. ಸಿಟ್ಟಾಗಲಿಲ್ಲ, ಆ ಮಾತನ್ನು ಎತ್ತಲೂ ಇಲ್ಲ. ಹಬ್ಬಕ್ಕೆ ಹೋದಾಗ ಎಂದಿನಂತೆಯೇ ಬಿಸಿ ರೊಟ್ಟಿ ಬಡಿದು ಹಾಕಿದಳು. ಎಷ್ಟೋ ವರುಷಗಳ ನಂತರ ನಾನೇ ಕೇಳಿದೆ. "ಬರದರ ನಿನಗ ತಿದ್ದೋ ಕೆಲಸ ಹೆಚ್ಚಾಕ್ಕೈತಿ ಅಂತ ಬಿಟ್ಟೆ" ಎಂದಳು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳ ಮಗಳು ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ಪದವೀಧರೆಯಾಗಿದ್ದಾಳೆ. 2010ರಲ್ಲಿ ಸ್ಥಾಪನೆಯಾದ ವಿದ್ಯಾಲಯವದು. ಪ್ರಮಾಣಪತ್ರವನ್ನು ಅಕ್ಕ ಬಹಳ ಹೊತ್ತು ಹಿಡಿದು ನೋಡಿದಳಂತೆ. ಅದರಿಂದ ನನ್ನ ತಪ್ಪು ಅಳಿಯದು.

ಆದ್ದರಿಂದ ಎರಡು ನಿಯಮಗಳನ್ನು ನಾನು ಪಾಲಿಸುತ್ತ ಬಂದಿದ್ದೇನೆ. ವಿದ್ಯಾರ್ಥಿಗಳ ಪ್ರಬಂಧವನ್ನು ಮೊದಲು ಪೂರ್ತಿಯಾಗಿ ಓದಿ, ಅವರು ಹೇಳಬಯಸಿದ್ದಕ್ಕೆ ಉತ್ತರ ಬರೆದ ಮೇಲೆಯೇ ಕಾಗುಣಿತಕ್ಕೆ ಕೈಹಾಕುತ್ತೇನೆ. ಹುಡುಗಿಯೊಬ್ಬಳು ಮೂರು ದಿನ ಹಾಜರಿಗೆ ಉತ್ತರ ಕೊಡದಿದ್ದರೆ ನಾಲ್ಕನೆಯ ದಿನ ಅವಳ ಮನೆಗೆ ಹೋಗುತ್ತೇನೆ. ಕೆಲವರು ಚಹ ಕೊಟ್ಟು ಕೂಡಿಸುತ್ತಾರೆ. ಕೆಲವರು ಬಾಗಿಲಲ್ಲಿಯೇ ಮಾತಾಡಿಸಿ ಕಳಿಸುತ್ತಾರೆ. ಕಳೆದ ವರುಷ ಹೋದ ಐದು ಮನೆಗಳಲ್ಲಿ ಮೂವರು ಹುಡುಗಿಯರು ಮರಳಿ ಬಂದರು. ಉಳಿದಿಬ್ಬರ ಹೆಸರನ್ನು ನಾನಿನ್ನೂ ಪಟ್ಟಿಯಿಂದ ಹೊಡೆದಿಲ್ಲ.