ಅಡಿಗೆಮನೆಯ ಕರಿಕಲ್ಲೂ ಸೋಲಿಗರ ಬೆಟ್ಟವೂ

ನಮ್ಮ ವಾಚಕರಲ್ಲಿ ಅನೇಕರ ಅಡಿಗೆಮನೆಯ ಕಟ್ಟೆಗೆ ನುಣುಪಾದ ಕರಿಕಲ್ಲನ್ನು ಹಾಸಿರುವುದುಂಟು. ಅದೇ ಮನೆಯಲ್ಲಿ ಕಾಡುಜೇನು, ಸೀಗೆಕಾಯಿ, ನೆಲ್ಲಿಕಾಯಿಯ ಉಪ್ಪಿನಕಾಯಿ ಇರುವುದೂ ಉಂಟು. ಇವೆಲ್ಲವನ್ನೂ ಕೊಡಬಲ್ಲ ಸೀಮೆ ಚಾಮರಾಜನಗರದ್ದು. ಜೇನನ್ನು ಮರುವರ್ಷವೂ ಇಳಿಸಬಹುದು. ಒಮ್ಮೆ ಬಗೆದ ಬೆಟ್ಟವು ಮತ್ತೆ ಬೆಳೆಯಲಾರದು. ಹಾಗಾದರೆ ಬೆಟ್ಟವನ್ನು ಬಗೆಯಬೇಕೆ, ಬೇಡವೆ ಎಂದು ಹೇಳತಕ್ಕವರಾರು? ಈ ಪ್ರಶ್ನೆಯನ್ನು ಗೃಹಸ್ಥರಾದ ನಾವೂ ಕೇಳಿಕೊಳ್ಳಬೇಕಾಗಿದೆ.

ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ ಸೋಲಿಗರು ತಲೆತಲಾಂತರದಿಂದ ಬಾಳಿಕೊಂಡು ಬಂದಿರುವರು. ಅವರ ಹೆಣ್ಣುಮಗಳಾದ ಕುಸುಮಾಲೆಯನ್ನು ರಂಗನಾಥನು ವರಿಸಿದನೆಂಬ ಕಥೆಯುಂಟು. ಅದರಿಂದ ಆ ಸ್ವಾಮಿಯನ್ನು ಅವರು 'ಭಾವ'ನೆಂದೇ ಕರೆಯುವರು. ಪ್ರತಿಯೊಂದು ಕುಲಕ್ಕೂ ತನ್ನದೇ ಎಲ್ಲೆಯಿದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಾನಗಳಿರುವುವು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆಯ ಮರವು ಅವರಿಗೆ ದೇವಾಲಯವೇ ಸರಿ. ನಾವು ಬರಿಯ ಬಂಡೆಯೆಂದು ಕಾಣುವ ಕಲ್ಲು ಅವರ ಹಿರಿಯರ ಗುಡಿಯಾಗಿರಬಹುದು.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಸೋಲಿಗರ ಬೇಟೆಯೂ ಕುಮರಿ ಬೇಸಾಯವೂ ನಿಂತುಹೋದುವು. ಪೋಡುಗಳನ್ನು ಒಳಗಾಡಿನಿಂದ ಎಬ್ಬಿಸಿ ಬೇರೆಡೆ ನೆಲೆಗೊಳಿಸಿದರು. ಮುಂದೆ ಜೇನು, ನೆಲ್ಲಿ, ಕಲ್ಲುಹೂವುಗಳ ಸಂಗ್ರಹಕ್ಕೂ ತಡೆ ಬಂತು. ಕಾಡನ್ನು ಕಾಯ್ದವರೇ ಕಾಡಿನಲ್ಲಿ ಅನ್ಯರಾದರು.

ಇದಕ್ಕೆ ಪರಿಹಾರವಾಗಿ ಒದಗಿದುದು 2006ರ ಅರಣ್ಯ ಹಕ್ಕು ಕಾಯಿದೆ. ಅದರ ಮೇರೆಗೆ 2011ರಲ್ಲಿ ಬಿಳಿಗಿರಿಯ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತುವು. ಅದೇ ವರ್ಷ ಆ ಕಾಡು ಹುಲಿಯ ಸಂರಕ್ಷಿತ ಪ್ರದೇಶವೂ ಆಗಿತ್ತೆಂಬುದು ಗಮನಾರ್ಹ. ಕಿರು ಅರಣ್ಯೋತ್ಪನ್ನಗಳನ್ನು ಸಂಗ್ರಹಿಸಿ ಮಾರುವುದು ಮಾತ್ರವಲ್ಲ, ಕಾಡನ್ನೂ ತಮ್ಮ ಸಂಸ್ಕೃತಿಯ ನೆಲೆಗಳನ್ನೂ ಕಾಪಾಡಿಕೊಳ್ಳುವುದೂ ಗ್ರಾಮಸಭೆಯ ಅಧಿಕಾರವೆಂದು ಈ ಕಾಯಿದೆ ಒಪ್ಪಿದೆ.

ಈ ಅಧಿಕಾರದ ಬೆಲೆಯೇನೆಂಬುದನ್ನು ಒಡಿಶಾದ ನಿಯಮಗಿರಿಯಲ್ಲಿ ಕಾಣಬಹುದು. ಅಲ್ಲಿಯ ಡೋಂಗ್ರಿಯಾ ಕೊಂಧರು ನಿಯಮರಾಜನೆಂದು ಪೂಜಿಸುವ ಬೆಟ್ಟದಲ್ಲಿ ಬಾಕ್ಸೈಟ್ ಅದಿರು ತೆಗೆಯಲು ಒಂದು ದೊಡ್ಡ ಕಂಪನಿ ಮುಂದಾಗಿತ್ತು. 2013ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾತನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ತೀರ್ಪಿತ್ತಿತು. ಆ ವರ್ಷದ ಮಳೆಗಾಲದಲ್ಲಿ 12 ಹಳ್ಳಿಗಳಲ್ಲಿ ಸಭೆ ಸೇರಿತು. ಹನ್ನೆರಡೂ ಹಳ್ಳಿಗಳು ಬೇಡವೆಂದುವು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಅನುಮತಿಯನ್ನು ನಿರಾಕರಿಸಿತು.

ನಮ್ಮ ಸೀಮೆಗೆ ಬಂದರೆ, ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳ ಒಳಗೂ ಅವುಗಳ ಗಡಿಯಿಂದ 1 ಕಿಲೋಮೀಟರಿನವರೆಗೂ ಗಣಿಗಾರಿಕೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಹೇಳಿದೆ. ಸಂತೋಷವೇ. ಆದರೆ ಆ ಗೆರೆಯ ಆಚೆಯ ಮಾತೇನು? ಗುಂಡ್ಲುಪೇಟೆಯ ಕಡೆಯಲ್ಲಿ ಬಂಡೀಪುರದ ಅಂಚಿಗೆ ಜೇನುಕುರುಬರು, ಕಾಡುಕುರುಬರು, ಸೋಲಿಗರು ವಾಸವಾಗಿರುವರು. ಅದೇ ತಾಲ್ಲೂಕಿನಲ್ಲಿ ಬಿಳಿಕಲ್ಲಿನ ಕ್ವಾರಿಗಳೂ ಇವೆ. 2022ರ ಮಾರ್ಚಿಯಲ್ಲಿ ಮಡಹಳ್ಳಿಯ ಕಲ್ಲುಗುಡ್ಡ ಕುಸಿದು ಹೊಟ್ಟೆಪಾಡಿಗೆಂದು ಬಂದಿದ್ದ ಕೂಲಿಯಾಳುಗಳು ಮಡಿದರು. ಗುಡ್ಡವನ್ನು ಬಗೆಯುವುದರ ಬೆಲೆಯನ್ನು ತೆರುವವರು ಹೆಚ್ಚಾಗಿ ಬಡವರೇ.

ಬುಡಕಟ್ಟಿನವರ ನೆಲಕ್ಕೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವು ಕರ್ನಾಟಕದಲ್ಲಿ ಒಂದೂ ಇಲ್ಲ. ಆದುದರಿಂದ ಅರಣ್ಯದ ಎಲ್ಲೆ ಮುಗಿದು ಕಂದಾಯದ ಗುಡ್ಡ ಮೊದಲಾದೊಡನೆ ಗ್ರಾಮಸಭೆಯ ಮಾತಿನ ಬಲವೂ ಕುಗ್ಗುವುದು. ದೇವರ ಬಂಡೆಯೊಂದು ಆ ಗೆರೆಯ ಆಚೆಗಿದ್ದರೆ ಅದು ದೇವರಲ್ಲವೆ?

ಮನೆ ಕಟ್ಟುವವರಿಗೆ ಕಲ್ಲು ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಹಿತ್ತಿಲಿನ ಮಣ್ಣನ್ನು ಅಗೆಯಬೇಕೆಂದಿದ್ದರೂ ಬಂದವರು ಬಾಗಿಲಲ್ಲಿ ನಿಂತು ಒಂದು ಮಾತು ಕೇಳಬೇಕೆಂದು ನಾವು ಬಯಸುವೆವು. ಆ ಮರ್ಯಾದೆಯು ಬೆಟ್ಟದ ಮಕ್ಕಳಿಗೂ ಸಲ್ಲತಕ್ಕದ್ದು. ಅವರು ಬೇಡವೆಂದರೆ, ಆ ಬೇಡವೆಂಬ ಮಾತೇ ಕೊನೆಯ ಮಾತಾಗಲಿ.